ಸಿಎಸ್ ಸಿಗಲಿಲ್ಲ, ಐಎಸ್ ಸಿಕ್ಕಿದೆ: ತಗೋಬೇಕಾ, ಬಿಡಬೇಕಾ?

ನಮಸ್ಕಾರ. ಮೊನ್ನೆ ಜಮಖಂಡಿಯಿಂದ ನಮ್ಮ ಕಾಕಾ ಫೋನ್ ಮಾಡಿದ್ದರು. "ತಮ್ಮಾ, ನಮ್ಮ ಹುಡುಗಿಗೆ ಎಂಜಿನಿಯರಿಂಗ್‌ದಾಗ ಸಿಎಸ್ ಸಿಗಲಿಲ್ಲಪಾ. ಐಎಸ್, ಅಂದ್ರ ಇನ್ಫರ್ಮೇಷನ್ ಸೈನ್ಸ್ ಬಂದೈತಿ. ಕಬ್ಬಿನ ಬಿಲ್ ಕೈಯಾಗೈತಿ, ಮ್ಯಾನೇಜ್‌ಮೆಂಟ್ ಸೀಟ್ ನೋಡಲೇನು?" ನಾನು ಅಂದೆ, "ಕಾಕಾ, ಎರಡು ದಿನ ತಡೀರಿ. ಯಾರಿಗೂ ರೊಕ್ಕ ಕೊಡಬ್ಯಾಡ್ರಿ." ಆ ಎರಡು ದಿನ ಕೂತು ಹುಡುಕಿದ್ದೇ ಈ ವಿಡಿಯೋ.

ಬೇಸಿಕ್ಸ್ ಬೇಗ ಮುಗಿಸೋಣ. ಸಿಎಸ್, ಅಂದರೆ ಕಂಪ್ಯೂಟರ್ ಸೈನ್ಸ್, ಕಂಪ್ಯೂಟರಿನ ಒಳಗಿನ ವಿದ್ಯೆ: ಅಲ್ಗಾರಿದಮ್, ಆಪರೇಟಿಂಗ್ ಸಿಸ್ಟಮ್, ನಾವು ಬರೆದ ಪ್ರೋಗ್ರಾಮನ್ನು ಕಂಪ್ಯೂಟರಿನ ಭಾಷೆಗೆ ತಿರುಗಿಸುವ ಕಂಪೈಲರ್. ಐಟಿ, ಅಂದರೆ ಇನ್ಫರ್ಮೇಷನ್ ಟೆಕ್ನಾಲಜಿ, ಅದನ್ನು ಬ್ಯಾಂಕಲ್ಲೋ ಆಸ್ಪತ್ರೆಯಲ್ಲೋ ತಂದು ಕೂಡಿಸಿ, ದಿನವೂ ಓಡಿಸುವ ಕೆಲಸ. ಐಟಿ ಅನ್ನೋ ಹೆಸರು ಬಂದಿದ್ದೇ 1958ರಲ್ಲಿ, ಹಾರ್ವರ್ಡ್ ಬಿಸಿನೆಸ್ ರಿವ್ಯೂನ ಒಂದು ಲೇಖನದಲ್ಲಿ. ಅದು ಆಡಳಿತದ ಬಗ್ಗೆ ಬರೆದ ಲೇಖನ.

ಆದರೆ ನಮ್ಮ ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಸಿಗೋದು ಐಟಿ ಅಲ್ಲ, ಇನ್ಫರ್ಮೇಷನ್ ಸೈನ್ಸ್, ಅಂದರೆ ಐಎಸ್. ಹಾಗಾಗಿ ಬೇರೆ ರಾಜ್ಯದವರು ಮಾಡಿದ 'ಸಿಎಸ್ ವರ್ಸಸ್ ಐಟಿ' ವಿಡಿಯೋ ನೋಡಿ ಇಲ್ಲಿ ಸೀಟು ಬಿಡಬೇಡಿ. ವಿಟಿಯು ಇರೋದೇ ನಮ್ಮ ಬೆಳಗಾವಿಯ ಮಚ್ಛೆಯಲ್ಲಿ, 1998ರಿಂದ. ಅದರ ಸಿಲಬಸ್ಸನ್ನೇ ತೆಗೆದು ನೋಡೋಣ.

(ಸ್ಕ್ರೀನ್ ಮೇಲೆ: ಎರಡು ಸಿಲಬಸ್ ಪ್ರಿಂಟ್, ಪಕ್ಕಪಕ್ಕ)

ನಾನು 2018ರ ಸ್ಕೀಮ್, ಅಂದರೆ ಆ ವರ್ಷದ ಸಿಲಬಸ್ ತಗೊಂಡೆ, ಅದರಲ್ಲಿ ಓದಿದವರು ಈಗಾಗಲೇ ಕೆಲಸದಲ್ಲಿದ್ದಾರೆ. ಎಡಗಡೆ ಸಿಎಸ್, ಬಲಗಡೆ ಐಎಸ್. ಮೂರನೇ ಸೆಮ್, ಡೇಟಾ ಸ್ಟ್ರಕ್ಚರ್ಸ್, ಅಂದರೆ ಮಾಹಿತಿಯನ್ನು ಜೋಡಿಸಿಡುವ ಬಗೆ. ಕೋಡ್ ನೋಡಿ: 18ಸಿಎಸ್32. ಈಗ ಬಲಗಡೆ ನೋಡಿ. ಅಲ್ಲೂ 18ಸಿಎಸ್32! ಐಎಸ್ ಪಟ್ಟಿಯಲ್ಲೂ 'ಸಿಎಸ್' ಅಂತಲೇ ಇದೆ. ಐದನೇ ಸೆಮ್ ಡೇಟಾಬೇಸ್, 18ಸಿಎಸ್53, ಅದೂ ಎರಡಕ್ಕೂ ಒಂದೇ. ಕೋಡ್ ಒಂದೇ ಅಂದರೆ ಪರೀಕ್ಷೆಯ ದಿನ ಎರಡೂ ಬ್ರಾಂಚಿನ ಮಕ್ಕಳ ಕೈಗೆ ಬರೋದು ಒಂದೇ ಪ್ರಶ್ನೆಪತ್ರಿಕೆ. 2022ರ ಸ್ಕೀಮ್‌ನಲ್ಲೂ ಡೇಟಾ ಸ್ಟ್ರಕ್ಚರ್ಸ್ ಹೀಗೇ ಇದೆ, ಬಿಸಿಎಸ್304.

ಹಾಗಾದರೆ ದಾರಿ ಎಲ್ಲಿ ಒಡೆಯುತ್ತದೆ? ಆರನೇ ಸೆಮ್‌ನಲ್ಲಿ. ಸಿಎಸ್‌ನವರಿಗೆ ಕಂಪೈಲರ್ಸ್, ಐಎಸ್‌ನವರಿಗೆ ಫೈಲ್ ಸ್ಟ್ರಕ್ಚರ್ಸ್. ಅವರಿಗೆ ಗ್ರಾಫಿಕ್ಸ್, ಇವರಿಗೆ ಸಾಫ್ಟ್‌ವೇರ್ ಟೆಸ್ಟಿಂಗ್.

ಇದನ್ನು ನೋಡುತ್ತಾ ನನಗೆ ಇಳಕಲ್ ಸೀರೆ ನೆನಪಾಯಿತು. ಇಳಕಲ್‌ನಲ್ಲಿ ಮಗ್ಗ ನೋಡಿದ್ದೀರಾ? ಅಲ್ಲಿ ಸೀರೆಯ ಒಡಲಿಗೆ ಒಂದು ಹಾಸು, ಅಂದರೆ ಉದ್ದೆಳೆಗಳ ಸಾಲು, ಸೆರಗಿಗೆ ಬೇರೆ ಹಾಸು. ಎರಡನ್ನೂ ಬೇರೆ ಬೇರೆ ತಯಾರು ಮಾಡಿ, ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಸೇರಿಸುತ್ತಾರೆ. ಒಂದೊಂದೇ ಎಳೆ, ಕೈಯಿಂದಲೇ. ಹಾಸಿನ ಅಗಲಕ್ಕೂ ಅಷ್ಟೂ ಕೊಂಡಿ ಬೀಳಬೇಕು. ನಾನು ಆ ಕೊಂಡಿ ಹಾಕುವ ಬೆರಳುಗಳನ್ನೇ ನೋಡುತ್ತಾ ಎಷ್ಟೋ ಹೊತ್ತು ನಿಂತಿದ್ದೆ. ಸಿಎಸ್, ಐಎಸ್ ಎರಡಕ್ಕೂ ಒಡಲು ಒಂದೇ. ಬೇರೆ ಇರೋದು ಸೆರಗು. ಆ ಸೆರಗಿನಲ್ಲಿ ಒಂದಷ್ಟು ಕಾಲೇಜು ಕೊಡುತ್ತದೆ, ಒಂದಷ್ಟು ನೀವೇ ಆರಿಸುತ್ತೀರಿ: ಇಲೆಕ್ಟಿವ್, ಪ್ರಾಜೆಕ್ಟ್, ಇಂಟರ್ನ್‌ಶಿಪ್.

ಇನ್ನೊಂದು ಸಾಕ್ಷಿ ಬೇಕಾ? ಎಂಟೆಕ್‌ಗೆ ಗೇಟ್ ಬರೀತಾರಲ್ಲ, ಅದರಲ್ಲಿ ಸಿಎಸ್ ಪತ್ರಿಕೆಯ ಪೂರ್ತಿ ಹೆಸರು 'ಕಂಪ್ಯೂಟರ್ ಸೈನ್ಸ್ ಅಂಡ್ ಇನ್ಫರ್ಮೇಷನ್ ಟೆಕ್ನಾಲಜಿ'. ದೇಶದ ಪರೀಕ್ಷೆಯೇ ಎರಡನ್ನೂ ಒಂದೇ ಪತ್ರಿಕೆಯಲ್ಲಿ ಇಟ್ಟಿದೆ. ಅದಕ್ಕೇ ಹೇಳ್ತೀನಿ, ಬರೀ ಎರಡಕ್ಷರ ಬದಲಾಗಲಿ ಅಂತ ಕಬ್ಬಿನ ದುಡ್ಡು ಸುರಿಯೋದು ನನಗೆ ಸಂಕಟ ಆಗುತ್ತದೆ. ನಾನೂ ಐಎಸ್ ಓದಿದವನೇ. ನಮ್ಮ ಬ್ಯಾಚಿನಲ್ಲಿ ಒಬ್ಬ ಸಿಎಸ್ ಬೇಕೇ ಬೇಕು ಅಂತ ಹೊಲ ಅಡ ಇಟ್ಟು ಬೇರೆ ಕಾಲೇಜಿಗೆ ಹೋದ. ಅಲ್ಲಿ ಡೇಟಾ ಸ್ಟ್ರಕ್ಚರ್ಸ್‌ಗೆ ಅರ್ಧ ಸೆಮ್ ಮೇಷ್ಟ್ರೇ ಇರಲಿಲ್ಲ. ಬ್ರಾಂಚ್ ಹೆಸರಿಗಿಂತ ಮೊದಲು ಇದನ್ನು ಕೇಳಿ: ಪಾಠ ಮಾಡೋರು ಇದ್ದಾರಾ? ಲ್ಯಾಬ್ ತೆರೆದಿರುತ್ತಾ? ಅಲ್ಲೇ ಓದುತ್ತಿರುವ ಸೀನಿಯರ್ ಒಬ್ಬರನ್ನು ಹಿಡಿದು ಕೇಳಿದರೆ ಸಾಕು.

ಟೈಮ್ ಆಗ್ತಾ ಇದೆ, ಉಳಿದದ್ದು ಒಟ್ಟಿಗೇ ಹೇಳಿಬಿಡ್ತೀನಿ. ಎಐಎಂಎಲ್ (ಆರ್ಟಿಫಿಷಿಯಲ್ ಇಂಟೆಲಿಜೆನ್ಸ್, ಮಷೀನ್ ಲರ್ನಿಂಗ್), ಡೇಟಾ ಸೈನ್ಸ್ ಇವಕ್ಕೂ ಬುಡ ಅದೇ, ಮೇಲೆ ಗಣಿತ ಜಾಸ್ತಿ. ಪಿಯುಸಿಯಲ್ಲಿ ಪ್ರಾಬಬಿಲಿಟಿ ಇಷ್ಟ ಆಗಿದ್ದರೆ ಧೈರ್ಯವಾಗಿ ಹೋಗಿ. ರೇಡಿಯೋ, ಮಿಕ್ಸರ್ ಬಿಚ್ಚಿ ನೋಡೋ ಹುಚ್ಚಿದ್ದರೆ ಇಸಿ, ಅಂದರೆ ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್, ನಿಮ್ಮದು, ಅದು ಸಿಎಸ್ ಸಿಗದವರ ಬ್ರಾಂಚ್ ಅಲ್ಲ.

ಸೀಟು ಹಂಚೋ ಕೆಇಎ, ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಆಪ್ಷನ್ ಎಂಟ್ರಿಯಲ್ಲಿ ನಿಮಗೆ ಬೇಕಾದ ಕ್ರಮದಲ್ಲೇ ಬರೆಯಿರಿ. ಒಳ್ಳೆ ಕಾಲೇಜಿನ ಸಿಎಸ್, ಅದರ ಕೆಳಗೇ ಅದೇ ಕಾಲೇಜಿನ ಐಎಸ್, ಆಮೇಲೆ ಬೇರೆ ಕಾಲೇಜು. ಸೀಟು ಬಂದ ಮೇಲೆ ಚಾಯ್ಸ್ 1 ಅಂದರೆ ಇದೇ ಸಾಕು, ಮುಂದಿನ ಸುತ್ತಿಗೆ ಬರೋದಿಲ್ಲ ಅಂತ. ಚಾಯ್ಸ್ 2 ಅಂದರೆ ಇದು ಕೈಯಲ್ಲಿರಲಿ, ಮೇಲಿನದು ಸಿಕ್ಕರೆ ಅದಕ್ಕೆ ಹೋಗ್ತೀನಿ ಅಂತ. ಆದರೆ ಮೇಲಿನದು ಸಿಕ್ಕರೆ ಹಳೆಯದು ತಾನಾಗೇ ರದ್ದಾಗುತ್ತದೆ, ನೆನಪಿರಲಿ.

ನಿನ್ನೆ ಸಂಜೆ ಕಾಕಾಗೆ ಇದನ್ನೆಲ್ಲ ಹೇಳಿದೆ. ಅವರು ಫೋನ್ ಹುಡುಗಿ ಕೈಗೆ ಕೊಟ್ಟರು. ಅವಳು ರೊಕ್ಕದ ಮಾತು ಎತ್ತಲೇ ಇಲ್ಲ. "ಅಣ್ಣಾ, ಐಎಸ್‌ದಾಗ ಇದ್ದು ಕಂಪೈಲರ್ ಕಲೀಬಹುದೇನು?" ಅಂತ ಕೇಳಿದಳು. ಸಿಎಸ್ ಸಿಲಬಸ್ಸಿನ ಆ ಪುಟವನ್ನು ರಾತ್ರಿಯೇ ಅವಳ ವಾಟ್ಸಾಪ್‌ಗೆ ಕಳಿಸಿದ್ದೀನಿ.