ಗರ ಮೊದಲೋ, ನಿರ್ಧಾರ ಮೊದಲೋ? ಕಡಲ್ಗಳ್ಳರ ಬೋರ್ಡ್ ಗೇಮ್‌ಗಳ ಒಳಹೊಕ್ಕು

ನಮಸ್ಕಾರ. ಇವತ್ತು ಮೇಜಿನ ಮೇಲೆ ನಾಲ್ಕು ಪೆಟ್ಟಿಗೆ ಇಟ್ಟಿದ್ದೀವಿ. ಜಮೈಕಾ, ಮರ್ಚಂಟ್ಸ್ ಅಂಡ್ ಮರಾಡರ್ಸ್, ಪೋರ್ಟ್ ರಾಯಲ್, ಲಿಬರ್ಟೇಲಿಯಾ. ಮುಚ್ಚಳ ತೆಗೆಯೋಕೆ ಮುಂಚೆ ಒಂದು ಹಳೇ ಕರಾರು ಕೇಳಿ.

1720ರ ಆಸುಪಾಸಿನಲ್ಲಿ ಅಟ್ಲಾಂಟಿಕ್ ಸಾಗರದಲ್ಲಿ ನೂರಾರು ಹಡಗು ದೋಚಿದವನು ಬಾರ್ತಲೊಮ್ಯೂ ರಾಬರ್ಟ್ಸ್. ಅವನ ಹಡಗಿನ ಕರಾರುಪತ್ರದಲ್ಲಿ ಒಂದು ಸಾಲಿತ್ತು: ದುಡ್ಡು ಕಟ್ಟಿ ಯಾರೂ ಇಸ್ಪೀಟಾಗಲಿ, ದಾಳವಾಗಲಿ ಆಡಕೂಡದು. ಲೂಟಿ ಸಿಕ್ಕಿದರೆ ಯಾರಿಗೆಷ್ಟು ಅನ್ನೋದೂ ಅದರಲ್ಲೇ ಇತ್ತು. ಕ್ಯಾಪ್ಟನ್‌ಗೆ ಎರಡು ಪಾಲು, ಅವನ ನಂತರದ ಮುಖ್ಯಸ್ಥ ಕ್ವಾರ್ಟರ್‌ಮಾಸ್ಟರ್‌ಗೆ ಎರಡು, ಫಿರಂಗಿ ನೋಡಿಕೊಳ್ಳೋವನಿಗೆ ಒಂದೂವರೆ, ಸಾಮಾನ್ಯ ನಾವಿಕನಿಗೆ ಒಂದು. ಗಾಳಿ, ಬಿರುಗಾಳಿ, ಎದುರಾಗೋ ಹಡಗು, ಇವೆಲ್ಲ ಹಣೆಬರಹಕ್ಕೆ ಬಿಟ್ಟಿದ್ದು. ಆದ್ರೆ ಹಡಗಿನೊಳಗೆ ಅದೃಷ್ಟಕ್ಕೆ ಎಷ್ಟು ಜಾಗ ಕೊಡಬೇಕು ಅನ್ನೋದನ್ನ ಅವರು ಕೂತು, ಬರೆದು, ಸಹಿ ಹಾಕಿ ತೀರ್ಮಾನ ಮಾಡಿದ್ದರು.

ಕಡಲ್ಗಳ್ಳರ ಆಟ ಒಳ್ಳೇದಾ ಅಂತ ನೋಡುವಾಗ ನಾವೂ ಇದನ್ನೇ ಕೇಳ್ತೀವಿ. ಈ ಆಟ ಅದೃಷ್ಟಕ್ಕೆ ಎಲ್ಲಿ ಜಾಗ ಕೊಟ್ಟಿದೆ? ಜೊತೆಗೆ ಇನ್ನೊಂದು ಪ್ರಶ್ನೆ. ಹಡಗಿನ ಉಗ್ರಾಣದಲ್ಲಿ ಏನನ್ನ ಇಟ್ಟಿದೆ, ಏನನ್ನ ಬಿಟ್ಟಿದೆ?

ಮೊದಲು ಅದೃಷ್ಟ. ಚೌಕಾಬಾರ ಆಡಿದವರಿಗೆ ಇದು ಗೊತ್ತಿರೋ ವಿಷಯವೇ. ಕವಡೆ ಬೀಳತ್ತೆ, ಗರ ಎಷ್ಟು ಅಂತ ನೋಡ್ತೀರಿ, ಆಮೇಲೆ ಯಾವ ಕಾಯಿ ನಡೆಸಬೇಕು ಅಂತ ಯೋಚಿಸ್ತೀರಿ. ಗರ ಮೊದಲು, ನಿರ್ಧಾರ ಆಮೇಲೆ. ಇದರ ತಿರುಗುಮುರುಗು ಇನ್ನೊಂದಿದೆ. "ದಾಳಿ ಮಾಡ್ತೀನಿ" ಅಂತ ಮೊದಲೇ ಹೇಳಿ, ಆಮೇಲೆ ದಾಳ ಹಾಕೋದು. ಮೊದಲನೇದರಲ್ಲಿ ಕೆಟ್ಟ ಗರ ಬಿದ್ದರೂ ಕೈಯಲ್ಲಿ ಏನೋ ಒಂದು ಉಪಾಯ ಉಳಿದಿರತ್ತೆ. ಎರಡನೇದರಲ್ಲಿ ದಾಳ ನಿಂತ ಕ್ಷಣಕ್ಕೆ ಎಲ್ಲ ಮುಗಿದಿರತ್ತೆ. ಹೊಸಬರು "ಇದು ಬರೀ ಅದೃಷ್ಟದ ಆಟ" ಅಂತ ಬೇಜಾರಾಗಿ ಎದ್ದು ಹೋಗೋದು ಈ ಎರಡನೇ ಬಗೆಯ ದಾಳದಿಂದ.

ಜಮೈಕಾದಲ್ಲಿ ಎರಡೂ ಇವೆ, ಅದಕ್ಕೇ ಅದನ್ನ ಮೊದಲು ಬಿಚ್ತೀವಿ. 2007ರಲ್ಲಿ ಬಂದ ಆಟ, ಜಮೈಕಾ ದ್ವೀಪವನ್ನ ಒಂದು ಸುತ್ತು ಹಾಕೋ ಹಡಗು ಪಂದ್ಯ. ಪ್ರತಿ ಸುತ್ತಿನಲ್ಲೂ ಒಬ್ಬರು ಕ್ಯಾಪ್ಟನ್. ಅವರು ಎರಡು ದಾಳ ಉರುಳಿಸಿ, ಒಂದನ್ನ ಬೆಳಗಿಗೆ, ಇನ್ನೊಂದನ್ನ ರಾತ್ರಿಗೆ ಅಂತ ಇಡ್ತಾರೆ. ಆಮೇಲೆ ಎಲ್ಲರೂ ಕೈಯಲ್ಲಿರೋ ಮೂರು ಕಾರ್ಡಿನಲ್ಲಿ ಒಂದನ್ನ ಗುಟ್ಟಾಗಿ ಆರಿಸ್ತಾರೆ. ಕಾರ್ಡಿನ ಎಡಗಡೆ ಬೆಳಗಿನ ಕೆಲಸ, ಬಲಗಡೆ ರಾತ್ರಿಯ ಕೆಲಸ. 6 ಮತ್ತು 1 ಬಿದ್ದಿದ್ದರೆ, ಬೆಳಗ್ಗೆ 6 ಮನೆ ಮುಂದೆ ಹೋಗಿ ರಾತ್ರಿ 1 ಚೀಲ ಊಟ ತುಂಬ್ಕೊಳ್ಳಬೇಕಾ, ಅಥವಾ ಬೇರೇನಾ ಅಂತ ಲೆಕ್ಕ ಹಾಕಬಹುದು.

ಇಲ್ಲಿ ಹೊಸಬರು ಎಡವೋದು ದಾಳದಿಂದ ಅಲ್ಲ, ಉಗ್ರಾಣದಿಂದ. ಹಡಗಿಗೆ ಐದೇ ಕೋಣೆ. ಹೊಸ ಸರಕು ಖಾಲಿ ಕೋಣೆಗೇ ಹೋಗಬೇಕು. ಐದೂ ತುಂಬಿದ್ದರೆ, ಬೇರೆ ಬಗೆಯ ಸರಕಿರೋ ಒಂದು ಕೋಣೆಯನ್ನ ಪೂರ್ತಿ ಸಮುದ್ರಕ್ಕೆ ಸುರಿಯಬೇಕು. ಒಂದೊಂದು ಚಿನ್ನ, ಒಂದೊಂದು ಮದ್ದು (ಫಿರಂಗಿಯ ಸಿಡಿಮದ್ದು) ಅಂತ ಐದು ಕೋಣೆ ತುಂಬಿಸಿಕೊಂಡು ಕೂತವರಿಗೆ, ಆಳ ಸಮುದ್ರದ ಮನೆಯಲ್ಲಿ ಕೊಡಬೇಕಾದ ಊಟ ಕೊಡೋಕಾಗಲ್ಲ. ಆಗ ಹಡಗು ಹಿಂದಕ್ಕೆ ಬರತ್ತೆ. ಸಣ್ಣ ಗರ ಬಿದ್ದಾಗ ಖಾಲಿ ಕೋಣೆಯನ್ನ ಹಾಳು ಮಾಡ್ಕೊಬೇಡಿ.

ಒಂದೇ ಮನೆಯಲ್ಲಿ ಎರಡು ಹಡಗು ಸೇರಿದರೆ ಜಗಳ. ಆಗ ಬರೋದು ಎರಡನೇ ಬಗೆಯ ದಾಳ. ಜಗಳದ ದಾಳದ ಆರು ಮುಖ ಹೀಗಿವೆ: 2, 4, 6, 8, 10, ಮತ್ತೊಂದು ನಕ್ಷತ್ರ. ದಾಳಿ ಮಾಡೋರು ಎಷ್ಟು ಮದ್ದು ಹಾಕ್ತೀನಿ ಅಂತ ಮೊದಲೇ ಹೇಳಿ ಉರುಳಿಸ್ತಾರೆ. ಮದ್ದು, ದಾಳ ಎರಡೂ ಸೇರಿದ ಅವರ ಮೊತ್ತ ನೋಡಿದ ಮೇಲೆ ತಡೆಯೋರು ತಮ್ಮ ಮದ್ದು ಹೇಳಿ ಉರುಳಿಸ್ತಾರೆ. ನಕ್ಷತ್ರ ಬಿದ್ದರೆ ಅಲ್ಲಿಗೇ ಗೆಲುವು. ದಾಳಿಕೋರರಿಗೆ ನಕ್ಷತ್ರ ಬೀಳೋದು ಆರರಲ್ಲಿ ಒಂದು ಸಲ, ಅವರಿಗೆ ಬೀಳದಿದ್ದಾಗ ತಡೆಯೋರಿಗೆ ಬೀಳೋದು ಆರರಲ್ಲಿ ಒಂದು ಸಲ. ಎರಡನ್ನೂ ಕೂಡಿಸಿದರೆ 36ರಲ್ಲಿ 11. ಅಂದ್ರೆ ನೂರಕ್ಕೆ ಸುಮಾರು 31 ಜಗಳ ಮದ್ದು ಎಷ್ಟಿದ್ದರೂ ನಕ್ಷತ್ರದಿಂದಲೇ ಮುಗಿಯತ್ತೆ. ಮದ್ದನ್ನ ಕೋಣೆಗಟ್ಟಲೆ ಕೂಡಿಡಬೇಡಿ ಅಂತ ನಾವು ಹೇಳೋದು ಇದಕ್ಕೇ.

ಇನ್ನೊಂದು ಸೂಕ್ಷ್ಮ. ದಾಳದ ಅಂಕಿಗಳೆಲ್ಲ ಸಮ ಸಂಖ್ಯೆ. ಎದುರಾಳಿಯ ಮೊತ್ತ 6 ಅಂತಿಟ್ಕೊಳ್ಳಿ. ನೀವು ಮದ್ದೇ ಹಾಕದಿದ್ದರೆ ಗೆಲ್ಲೋ ಮುಖಗಳು ಮೂರು. ಒಂದು ಮದ್ದು ಹಾಕಿದರೆ ನಾಲ್ಕು. ಎರಡು ಹಾಕಿದರೂ ನಾಲ್ಕೇ, ಒಂದು ಸೋಲು ಸಮಬಲ ಆಗತ್ತೆ ಅಷ್ಟೇ. ಮೂರು ಹಾಕಿದರೆ ಐದು. ಆದ್ದರಿಂದ ಎದುರಿನ ಮೊತ್ತ ಸಮ ಆಗಿದ್ದರೆ ಮದ್ದು ಬೆಸ ಹಾಕಿ, ಬೆಸ ಆಗಿದ್ದರೆ ಸಮ ಹಾಕಿ. ಒಂದು ಟೋಕನ್ ಉಳಿಯತ್ತೆ, ಮುಂದಿನ ಜಗಳಕ್ಕೆ ಬರತ್ತೆ.

ಮರ್ಚಂಟ್ಸ್ ಅಂಡ್ ಮರಾಡರ್ಸ್ 2010ರದ್ದು, ದೊಡ್ಡ ಆಟ, ಮೂರು ಗಂಟೆ ಹಿಡಿಯೋದು ಮಾಮೂಲಿ. ಕ್ಯಾಪ್ಟನ್‌ಗೆ ಯಾವ ಕೌಶಲ ಎಷ್ಟಿದೆಯೋ ಅಷ್ಟು ದಾಳ ಹಾಕಬೇಕು. 5 ಮತ್ತು 6ರ ಜಾಗದಲ್ಲಿ ತಲೆಬುರುಡೆ. ಒಂದಾದರೂ ಬುರುಡೆ ಬಿದ್ದರೆ ಪರೀಕ್ಷೆ ಪಾಸು. ಒಂದು ದಾಳಕ್ಕೆ ನೂರಕ್ಕೆ 33, ಎರಡಕ್ಕೆ 56, ಮೂರಕ್ಕೆ 70, ನಾಲ್ಕಕ್ಕೆ 80. ಈ ನಾಲ್ಕು ಅಂಕಿ ಒಂದು ಚೀಟಿಯಲ್ಲಿ ಬರೆದು ಬೋರ್ಡಿನ ಪಕ್ಕ ಇಡಿ. ಎರಡು ದಾಳದ ಕೆಲಸವನ್ನ ಜನ "ಆಗೇ ಆಗತ್ತೆ" ಅಂದ್ಕೊಳ್ತಾರೆ. ಅದು ನಾಣ್ಯ ಚಿಮ್ಮೋದಕ್ಕಿಂತ ಸ್ವಲ್ಪವೇ ವಾಸಿ. ಎರಡನೇ ದಾಳ ತರೋ ಲಾಭ ಸುಮಾರು 22, ನಾಲ್ಕನೇ ದಾಳ ತರೋದು ಬರೀ 10.

ಈ ಆಟದಲ್ಲಿ ನಮಗೆ ತುಂಬಾ ಮೆಚ್ಚುಗೆ ಆಗೋದು, ಎಷ್ಟು ಅದೃಷ್ಟ ಬೇಕು ಅನ್ನೋದನ್ನ ಆಡೋರೇ ಆರಿಸಬಹುದು ಅನ್ನೋದು. ಗೆಲ್ಲೋಕೆ 10 ಕೀರ್ತಿ ಅಂಕ. ಕಡಲ್ಗಳ್ಳರಾಗಿ ದಾಳದ ಮೇಲೆ ದಾಳ ಹಾಕಿ ಗಳಿಸಬಹುದು. ಇಲ್ಲವಾ, ಒಂದು ಬಂದರಿನಲ್ಲಿ ಬೇಡಿಕೆ ಇರೋ ಸರಕನ್ನ ಒಂದೇ ಸಲ ಮೂರು ಮಾರಿದರೆ ಒಂದು ಅಂಕ, ಅದಕ್ಕೆ ದಾಳವೇ ಬೇಡ. ತವರು ಬಂದರಿನ ಪೆಟ್ಟಿಗೆಯಲ್ಲಿ ಬಚ್ಚಿಟ್ಟ ಪ್ರತಿ 10 ಚಿನ್ನಕ್ಕೂ ಒಂದು ಅಂಕ, ಹೆಚ್ಚಂದ್ರೆ 5. ಕ್ಯಾಪ್ಟನ್ ಸತ್ತರೆ ಹಡಗು, ಅದರಲ್ಲಿದ್ದ ದುಡ್ಡು, ಸರಕು ಎಲ್ಲ ಹೋಗತ್ತೆ. ಗಳಿಸಿದ ಕೀರ್ತಿ, ಬಚ್ಚಿಟ್ಟ ಚಿನ್ನ ಉಳಿಯತ್ತೆ, ಹೊಸ ಕ್ಯಾಪ್ಟನ್ ಸಿಗ್ತಾರೆ. ಹಾಗಾಗಿ ದೊಡ್ಡ ದಾಳಿಗೆ ಹೊರಡೋ ಮುಂಚೆ ತವರಿಗೆ ಹೋಗಿ ಚಿನ್ನ ಇಳಿಸಿ ಬನ್ನಿ. ತುಂಬಿದ ಹಡಗಿನಲ್ಲಿ ಜಗಳಕ್ಕೆ ಹೋಗಿ ಎರಡು ಗಂಟೆಯ ಶ್ರಮ ಮುಳುಗಿಸಿಕೊಳ್ಳೋದು ಈ ಆಟದ ಅತಿ ಸಾಮಾನ್ಯ ತಪ್ಪು.

ಪೋರ್ಟ್ ರಾಯಲ್ ಬಗ್ಗೆ ಒಂದೇ ಮಾತು. ಕಾರ್ಡು ತಿರುವುತ್ತಾ ಹೋಗ್ತೀರಿ, ಒಂದೇ ಬಣ್ಣದ ಎರಡನೇ ಹಡಗು ಬಂದರೆ ಆ ಸರದಿ ಕೈತಪ್ಪತ್ತೆ. ನಾಲ್ಕು ಬಣ್ಣದ ಹಡಗು ಬಂದರೆ ಎರಡು ಕಾರ್ಡು ತಗೋಬಹುದು, ಐದು ಬಂದರೆ ಮೂರು. ಆಸೆ ಹುಟ್ಟೋದು ಅಲ್ಲೇ. ಇನ್ನೊಂದು ತಿರುವಲಾ ಬೇಡವಾ ಅನ್ನೋದು ಪೂರ್ತಿ ನಿಮ್ಮ ಕೈಯಲ್ಲಿದೆ. ಬಿದ್ದ ಮೇಲೆ ಆಟವನ್ನ ಬೈಯೋಕಾಗಲ್ಲ.

ಲಿಬರ್ಟೇಲಿಯಾ ಇನ್ನೂ ನ್ಯಾಯವಾಗಿದೆ. ಎಲ್ಲರ ಹತ್ರವೂ 1ರಿಂದ 30ರವರೆಗೆ ಅದೇ 30 ಪಾತ್ರಗಳು. ಒಬ್ಬರು ಕಲೆಸಿ 9 ಕಾರ್ಡು ಎತ್ತಿದರೆ, ಉಳಿದವರೂ ತಮ್ಮ ಕಟ್ಟಿನಿಂದ ಅದೇ 9 ಹುಡುಕಿ ತೆಗೀತಾರೆ. ಅದೃಷ್ಟ ಎಲ್ಲರಿಗೂ ಒಂದೇ. ಅದೇ ಕಾರ್ಡನ್ನ ಯಾರು ಯಾವ ದಿನ, ಅಂದ್ರೆ ಯಾವ ಸುತ್ತಿನಲ್ಲಿ, ಆಡ್ತಾರೆ ಅನ್ನೋದರಲ್ಲಿ ಗೆಲುವು ಸೋಲು.

ಈಗ ಆ 30 ಪಾತ್ರಗಳನ್ನ ಒಂದೊಂದಾಗಿ ನೋಡಿ. 2012ರ ಮೊದಲ ಆವೃತ್ತಿಯಲ್ಲಿ ಗಿಳಿ, ಕೋತಿ, ಅಡುಗೆಯವನ ಜೊತೆಗೆ "ಬಿಡುಗಡೆಯಾದ ಗುಲಾಮ" ಅನ್ನೋ ಕಾರ್ಡಿದೆ, "ವೂಡೂ ಮಾಟಗಾತಿ" ಅನ್ನೋದೂ ಇದೆ. 2022ರಲ್ಲಿ ಸ್ಟೋನ್‌ಮೈಯರ್ ಕಂಪನಿ ಇದೇ ಆಟವನ್ನ ಮತ್ತೆ ತಂದಾಗ ಮನುಷ್ಯರೇ ಇಲ್ಲ. ಎಲ್ಲ ಪ್ರಾಣಿಗಳು, ಆಕಾಶದಲ್ಲಿ ಹಾರೋ ಹಡಗುಗಳು. ಮಕ್ಕಳ ಜೊತೆ ಆಡೋಕೆ ಇದು ಹಗುರ. ಆದ್ರೆ ಪ್ರಶ್ನೆ ಬಗೆಹರಿಯಲಿಲ್ಲ, ಪ್ರಶ್ನೆ ಇದ್ದ ಜಾಗ ಖಾಲಿಯಾಯ್ತು ಅನ್ನೋದು ನಮ್ಮ ಅನಿಸಿಕೆ. ಹಳೇ ಆವೃತ್ತಿಯಲ್ಲಿ ಆ ಕಾರ್ಡು ಬಂದಾಗ ಯಾರಾದರೂ "ಇವನ್ಯಾರು, ಯಾರಿಂದ ಬಿಡುಗಡೆಯಾದ?" ಅಂತ ಕೇಳೋ ಅವಕಾಶ ಇತ್ತು.

ಆ ಪ್ರಶ್ನೆಗೆ ಉತ್ತರ ಭಾರವಾಗಿದೆ. ಬ್ಲ್ಯಾಕ್‌ಬಿಯರ್ಡ್ ಅನ್ನೋ ಕಡಲ್ಗಳ್ಳನ ಹೆಸರಾಂತ ಹಡಗು ಕ್ವೀನ್ ಆನ್ಸ್ ರಿವೆಂಜ್, ಅವನು 1717ರ ನವೆಂಬರ್‌ನಲ್ಲಿ ಹಿಡಿಯೋವರೆಗೂ ಲಾ ಕಾಂಕೋರ್ಡ್ ಅನ್ನೋ ಫ್ರೆಂಚ್ ಗುಲಾಮರ ಹಡಗು. ಹಿಡಿದಾಗ ಅದರಲ್ಲಿ 400ಕ್ಕೂ ಹೆಚ್ಚು ಆಫ್ರಿಕನ್ನರು ಸೆರೆಯಲ್ಲಿದ್ದರು. 1722ರ ಜನವರಿಯಲ್ಲಿ, ಈಗಿನ ಬೆನಿನ್ ದೇಶದ ವೀಡಾ ಬಂದರಿನಲ್ಲಿ, ಅದೇ ರಾಬರ್ಟ್ಸ್‌ನ ಜನ ಪೋರ್ಕುಪೈನ್ ಅನ್ನೋ ಹಡಗಿಗೆ ಬೆಂಕಿ ಇಟ್ಟರು. ಒಳಗೆ ಸರಪಳಿಯಲ್ಲಿದ್ದ ಸುಮಾರು 80 ಜನರನ್ನ ಬಿಡಿಸಲೇ ಇಲ್ಲ. ಮುಂದಿನ ತಿಂಗಳು ರಾಬರ್ಟ್ಸ್ ಸತ್ತ. ಅವನ ಕಡೆಯ 52 ಜನರನ್ನ ಈಗಿನ ಘಾನಾ ದೇಶದ ಕೇಪ್ ಕೋಸ್ಟ್‌ನಲ್ಲಿ ಗಲ್ಲಿಗೇರಿಸಿದರು. ಅವನ ಹಡಗುಗಳಲ್ಲಿದ್ದ ಆಫ್ರಿಕನ್ನರನ್ನ ಬ್ರಿಟಿಷರು ಗುಲಾಮರಾಗಿ ಮಾರಿದರು.

ಗಾಯಗೊಂಡ ಕಡಲ್ಗಳ್ಳರಿಗೆ ಕೊಡ್ತಿದ್ದ ಪರಿಹಾರದ ನಿಯಮ ಇನ್ನೂ ಸ್ಪಷ್ಟ. ಎಕ್ಸ್‌ಕ್ವೆಮೆಲಿನ್ ಕೆರಿಬಿಯನ್ ಕಡಲ್ಗಳ್ಳರ ಜೊತೆಗೇ ಇದ್ದವನು. ಅವನು 1678ರಲ್ಲಿ ಪ್ರಕಟಿಸಿದ ಪಟ್ಟಿಯ ಪ್ರಕಾರ ಬಲಗೈ ಹೋದರೆ 600 ಬೆಳ್ಳಿ ನಾಣ್ಯ ಅಥವಾ ಆರು ಗುಲಾಮರು. ಎಡಗೈಗೆ 500 ಅಥವಾ ಐದು. ಕಣ್ಣಿಗೆ 100 ಅಥವಾ ಒಬ್ಬ. ಗಾಯಗೊಂಡವರನ್ನ ನೋಡಿಕೊಳ್ಳೋ ಸಮಾನತೆಯ ಕರಾರು ಅಂತ ಹೊಗಳೋದು ಇದೇ ಬಗೆಯ ಪಟ್ಟಿಯನ್ನ. ಹೊಗಳುವಾಗ "ಅಥವಾ" ಆದ ಮೇಲಿನ ಭಾಗ ಬಿಟ್ಟುಹೋಗತ್ತೆ. ಆಟಗಳಲ್ಲೂ ಉಗ್ರಾಣದಲ್ಲಿರೋದು ಸಕ್ಕರೆ, ರಮ್, ತಂಬಾಕು. ಸಕ್ಕರೆ ಮಾಡಿದ ಕೈಗಳು ಕಾಣಲ್ಲ.

ಹಾಗಂತ ಗುಲಾಮರನ್ನ ಸರಕಿನ ಟೋಕನ್ ಮಾಡಿ ಅಂತ ನಾವು ಹೇಳ್ತಿಲ್ಲ, ಅದು ಇನ್ನೂ ಕೆಟ್ಟದ್ದು. 2002ರ ಪೋರ್ಟೋ ರಿಕೋ ಆಟದಲ್ಲಿ ಹಡಗಿನಿಂದ ಇಳಿದು ತೋಟದಲ್ಲಿ ದುಡಿಯೋ ಕಂದು ಬಣ್ಣದ ಬಿಲ್ಲೆಗಳಿಗೆ "ವಲಸಿಗರು" ಅಂತ ಹೆಸರಿಟ್ಟಿದ್ದರು. ಇಪ್ಪತ್ತು ವರ್ಷ ಅದರ ಮೇಲೆ ವಾದ ನಡೀತು. 2022ರಲ್ಲಿ ಆಟದ ಕಾಲವನ್ನೇ 1897ಕ್ಕೆ ಸರಿಸಿದರು, ಅಂದ್ರೆ ಆ ದ್ವೀಪದಲ್ಲಿ ಗುಲಾಮಗಿರಿ ರದ್ದಾದ 1873ರ ಆಚೆಗೆ. ನಿಯಮ ಹೆಚ್ಚುಕಮ್ಮಿ ಅದೇ, ಆದ್ರೆ ಬಿಲ್ಲೆ ಯಾರು ಅನ್ನೋದು ಬದಲಾಯ್ತು. ಪ್ರಾಣಿಗಳನ್ನ ತರೋದಕ್ಕಿಂತ ಇದು ಕಷ್ಟದ ದಾರಿ, ನಮಗೆ ಹೆಚ್ಚು ಒಪ್ಪಿಗೆಯಾಗೋ ದಾರಿ.

ಮನೆಯಲ್ಲಿ ಆಡುವಾಗ ಮಾಡಬಹುದಾದ್ದು ಸಣ್ಣದು. ಬೋರ್ಡು ಜೋಡಿಸೋ ಹೊತ್ತಿನಲ್ಲಿ ಎರಡು ನಿಮಿಷ ಹೇಳಿಬಿಡಿ: ಇವರು ದರೋಡೆಕೋರರು, ಈ ಸಕ್ಕರೆ ಗುಲಾಮಗಿರಿಯ ಸಕ್ಕರೆ, ಆಟದಲ್ಲಿ ಅದನ್ನ ತೋರಿಸಿಲ್ಲ. ಆಡೋ ಮಧ್ಯೆ ನಿಲ್ಲಿಸಿ ಪಾಠ ಮಾಡಬೇಡಿ, ಆಟವೂ ಕೆಡತ್ತೆ, ಮಾತೂ ತಲೆಗೆ ಹೋಗಲ್ಲ. ವೂಡೂ ಅನ್ನೋದು ಹೈಟಿಯಲ್ಲಿ ಇವತ್ತಿಗೂ ಜನ ಶ್ರದ್ಧೆಯಿಂದ ನಡೆಸೋ ಧರ್ಮ, ಆ ಕಾರ್ಡನ್ನ ಕನ್ನಡದಲ್ಲಿ ಹೇಳುವಾಗ "ಮಾಟಗಾತಿ" ಬಿಟ್ಟು "ಪೂಜಾರಿಣಿ" ಅನ್ನಬಹುದು, ನಿಯಮಕ್ಕೆ ಏನೂ ಆಗಲ್ಲ.

ಕೊನೆಗೆ ನಮ್ಮ ಕಡಲಿನ ಕಡೆ ಬರೋಣ. ಆಟಗಳೆಲ್ಲ ಕೆರಿಬಿಯನ್‌ನಲ್ಲೇ ಸುತ್ತತ್ವೆ, ಆದ್ರೆ ಆ ಕಾಲದ ಅತಿ ದೊಡ್ಡ ಲೂಟಿಗಳಲ್ಲಿ ಒಂದು ಆಗಿದ್ದು ಅರಬ್ಬೀ ಸಮುದ್ರದಲ್ಲಿ. 1695ರಲ್ಲಿ ಹಜ್ ಯಾತ್ರಿಕರನ್ನ ಹೊತ್ತು ಸೂರತ್‌ಗೆ ಮರಳ್ತಿದ್ದ ಮೊಘಲರ ಗಂಜ್-ಇ-ಸವಾಯಿ ಹಡಗನ್ನ ಇಂಗ್ಲಿಷ್ ಕಡಲ್ಗಳ್ಳ ಹೆನ್ರಿ ಎವರಿ ಹಿಡಿದ. ಯಾತ್ರಿಕರ ಮೇಲೆ, ಹೆಂಗಸರ ಮೇಲೆ ನಡೆದ ಹಿಂಸೆ ಭೀಕರವಾದದ್ದು. ಎರಡು ವರ್ಷದ ಮೇಲೆ, 1697ರ ಸೆಪ್ಟೆಂಬರ್‌ನಲ್ಲಿ, ಫ್ರೆಂಚ್ ಹಡಗು ಹಿಡಿಯೋಕೆ ಇಂಗ್ಲೆಂಡಿನ ರಾಜನ ಅನುಮತಿ ಪಡೆದಿದ್ದ ವಿಲಿಯಂ ಕಿಡ್ ನಮ್ಮ ಕಾರವಾರಕ್ಕೇ ಬಂದಿದ್ದ. ಅಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕೋಠಿ ಇತ್ತು. ಅವನ ಹಡಗಿನ ಕೆಲವರು ಅಲ್ಲೇ ಬಿಟ್ಟು ಓಡಿದರು. 1698ರ ಜನವರಿಯಲ್ಲಿ ಅವನು ಕ್ವೆಡಾ ಮರ್ಚಂಟ್ ಅನ್ನೋ ಹಡಗು ಹಿಡಿದ. ಅದು ಫ್ರೆಂಚ್ ಪಾಸು, ಅಂದ್ರೆ ಸಂಚಾರದ ಅನುಮತಿ ಪತ್ರ, ತೋರಿಸಿತ್ತು, ಹಾಗಾಗಿ ತಾನು ಕಳ್ಳ ಅಲ್ಲ ಅನ್ನೋದು ಅವನ ವಾದ. ಲಂಡನ್‌ನ ವಿಚಾರಣೆಯಲ್ಲಿ ಆ ಪಾಸುಗಳು ಸಿಗಲಿಲ್ಲ, 1701ರಲ್ಲಿ ಅವನನ್ನ ನೇಣಿಗೆ ಹಾಕಿದರು. ಇಪ್ಪತ್ತನೇ ಶತಮಾನದಲ್ಲಿ ಪಾಸುಗಳು ದಾಖಲೆಗಳ ನಡುವೆ ಸಿಕ್ಕವು. ಇತ್ತ ಕೊಂಕಣದಲ್ಲಿ ಕಾನ್ಹೋಜಿ ಆಂಗ್ರೆ ಮರಾಠರ ಸರಖೇಲ್, ಅಂದ್ರೆ ನೌಕಾಪಡೆಯ ಮುಖ್ಯಸ್ಥ. ತನ್ನ ದಸ್ತಕು, ಅಂದ್ರೆ ಪಾಸು, ಇಲ್ಲದ ಹಡಗನ್ನ ಹಿಡೀತಿದ್ದ. ಇಂಗ್ಲಿಷರ ಕಾಗದದಲ್ಲಿ ಅವನೂ ಕಡಲ್ಗಳ್ಳ.

ಈ ಕರಾವಳಿಯ ಮೇಲೆ ಆಟ ಮಾಡೋ ಆಸೆ ಇರೋರು ದಾಳ ಬಿಟ್ಟು ಪಾಸಿನಿಂದ ಶುರು ಮಾಡಿ. ನಾಲ್ಕು ಜನಕ್ಕೆ 16 ಪಾಸು ಕಾರ್ಡು ಸಾಕು: ಪೋರ್ಚುಗೀಸ್, ಇಂಗ್ಲಿಷ್, ಮೊಘಲ್, ಆಂಗ್ರೆ, ತಲಾ ನಾಲ್ಕು. ಹಡಗು ಹಿಡಿದಾಗ ಅದರ ಪಾಸು ನಿಮ್ಮ ಕೈಗೆ ಬರತ್ತೆ, ಅದೂ ಉಗ್ರಾಣದ ಒಂದು ಕೋಣೆ ತಿನ್ನತ್ತೆ. ಬಂದರಿಗೆ ಹೋದಾಗ ಆ ಬಂದರಿನವರು ಒಪ್ಪೋ ಪಾಸು ತೋರಿಸಿದರೆ ಲೂಟಿ ಸಕ್ರಮ, ತೋರಿಸದಿದ್ದರೆ ನೀವು ಕಳ್ಳರು. ಇಲ್ಲಿ ಕೆಡೋದು ಒಂದೇ ಕಡೆ: ಕೋಣೆ ಖರ್ಚು ಇಡದಿದ್ದರೆ ಎಲ್ಲರೂ ಪಾಸು ಗುಡ್ಡೆ ಹಾಕ್ಕೊಂಡು ಕೂತ್ಕೊಳ್ತಾರೆ, ಯಾರೂ ಕಳ್ಳರಾಗಲ್ಲ. ಯಾತ್ರಿಕರ ಹಡಗಿಗೆ ಲೂಟಿಯ ಅಂಕ ಬರೆಯಬೇಡಿ. ಅದನ್ನ ಮುಟ್ಟಿದವರಿಗೆ ಸೂರತ್ ಬಂದರು ಆಟ ಮುಗಿಯೋವರೆಗೂ ಬಂದ್.