ಮಳೆ ‘ಹೆವಿ’, ಗಾಳಿ ‘ಸ್ಟ್ರಾಂಗ್’, ಜ್ವರ ‘ಹೈ’: ಇಂಗ್ಲಿಷ್ ಪದಗಳ ಸಹವಾಸ

[ಪರದೆಯ ಮೇಲೆ: ಕೈಬರಹದ ರಜೆ ಅರ್ಜಿ. ಒಂದು ಸಾಲಿನ ಕೆಳಗೆ ಪೆನ್ಸಿಲ್ ಗೆರೆ.]

ನಮಸ್ಕಾರ. ಈ ರಜೆ ಅರ್ಜಿಯ ಒಂದು ಸಾಲನ್ನು ಓದುತ್ತೇನೆ, ಕೇಳಿ. ‘ಐ ಹ್ಯಾವ್ ಎ ಸ್ಟ್ರಾಂಗ್ ಫೀವರ್.’ ವ್ಯಾಕರಣ ಸರಿಯಾಗಿದೆ. ಸ್ಪೆಲ್ಲಿಂಗ್ ಸರಿಯಾಗಿದೆ. ಓದಿದವರಿಗೆ ವಿಷಯವೂ ತಿಳಿಯುತ್ತದೆ. ಆದರೂ ಇಂಗ್ಲಿಷ್ ಮನೆಮಾತಾಗಿರುವವರಿಗೆ ಈ ಸಾಲನ್ನು ಓದುವಾಗ ಅನ್ನದಲ್ಲಿ ಕಲ್ಲು ಸಿಕ್ಕಂತಾಗುತ್ತದೆ. ಅವರು ಹೇಳುವುದು ‘ಹೈ ಫೀವರ್’.

ಅರ್ಜಿ ಬರೆದವರ ಮನಸ್ಸಿನಲ್ಲಿ ಇದ್ದದ್ದು ನಮ್ಮ ‘ಜೋರು ಜ್ವರ’. ನಮಗೆ ಮಳೆಯೂ ಜೋರು, ಗಾಳಿಯೂ ಜೋರು, ಜ್ವರವೂ ಜೋರು, ದನಿಯೂ ಜೋರು. ಇಂಗ್ಲಿಷಿನವರು ಈ ನಾಲ್ಕಕ್ಕೂ ಬೇರೆ ಬೇರೆ ಪದ ಇಟ್ಟುಕೊಂಡಿದ್ದಾರೆ.

[ಪರದೆಯ ಮೇಲೆ ಒಂದೊಂದಾಗಿ: ಹೆವಿ ರೈನ್, ಸ್ಟ್ರಾಂಗ್ ವಿಂಡ್, ಹೈ ಫೀವರ್, ಲೌಡ್ ವಾಯ್ಸ್]

ಮಳೆ ಯಾಕೆ ‘ಸ್ಟ್ರಾಂಗ್’ ಅಲ್ಲ, ಗಾಳಿ ಯಾಕೆ ‘ಹೆವಿ’ ಅಲ್ಲ ಎಂದು ಕೇಳಿದರೆ ಕಾರಣ ಕೊಡುವುದು ಕಷ್ಟ. ಅದು ರೂಢಿ. ಹೀಗೆ ರೂಢಿಯಿಂದ ಜೊತೆಯಾದ ಪದಗಳಿಗೆ ಭಾಷಾಶಾಸ್ತ್ರದಲ್ಲಿ ‘ಕೊಲೊಕೇಶನ್’ ಎನ್ನುತ್ತಾರೆ. ನಾನು ಅದನ್ನು ಪದಗಳ ಸಹವಾಸ ಎಂದು ಕರೆಯುತ್ತೇನೆ.

ಇದು ಇಂಗ್ಲಿಷಿಗೆ ಮಾತ್ರ ಅಂಟಿದ ಕಾಟ ಎಂದುಕೊಳ್ಳಬೇಡಿ. ಒಂದು ಕ್ಷಣ ನಮ್ಮ ಮನೆಯೊಳಗೇ ನೋಡೋಣ.

[ಪರದೆಯ ಮೇಲೆ: ಮದುವೆಗೆ ಹೊರಟ ಕುಟುಂಬದ ಚಿತ್ರ. ಹೇಳಿದಂತೆಲ್ಲ ಒಂದೊಂದು ವಸ್ತು ಬೆಳಗುತ್ತದೆ.]

ಸೀರೆ ಉಡುತ್ತೇವೆ. ರವಿಕೆ ತೊಡುತ್ತೇವೆ. ಹೂವನ್ನು ಮುಡಿಯುತ್ತೇವೆ. ಕುಂಕುಮ ಇಡುತ್ತೇವೆ. ಶಾಲು ಹೊದೆಯುತ್ತೇವೆ. ಪೇಟ ಸುತ್ತುತ್ತೇವೆ. ಚಪ್ಪಲಿ ಮೆಟ್ಟುತ್ತೇವೆ. ಕನ್ನಡಕ ಹಾಕಿಕೊಳ್ಳುತ್ತೇವೆ. ಇಂಗ್ಲಿಷಿನವರು ಸೀರೆಯಿಂದ ಚಪ್ಪಲಿಯವರೆಗೆ ಎಲ್ಲಕ್ಕೂ ‘ವೇರ್’ ಎಂಬ ಒಂದೇ ಕ್ರಿಯಾಪದದಲ್ಲಿ ಕೆಲಸ ಮುಗಿಸುತ್ತಾರೆ. ಕನ್ನಡ ಕಲಿಯಲು ಬಂದ ಲಂಡನ್ನಿನವರೊಬ್ಬರು ‘ಅವಳು ಹೂವನ್ನು ಉಟ್ಟಿದ್ದಾಳೆ’ ಎಂದರೆ ನಾವು ತಕ್ಷಣ ತಿದ್ದುತ್ತೇವೆ. ಆದರೆ ಹೂವನ್ನು ಯಾಕೆ ಉಡಬಾರದು ಎಂದು ಅವರು ಮರುಪ್ರಶ್ನೆ ಹಾಕಿದರೆ ‘ಹಾಗೆ ಹೇಳುವುದಿಲ್ಲ’ ಎನ್ನುವುದನ್ನು ಬಿಟ್ಟು ನಮ್ಮ ಬಳಿ ಬೇರೆ ಉತ್ತರವಿಲ್ಲ. ಈ ಪಾಠವನ್ನು ನಮಗೆ ಯಾವ ಶಾಲೆಯೂ ಮಾಡಲಿಲ್ಲ. ‘ಹೂ ಉಟ್ಟುಕೊಂಡೆ’ ಎಂದ ಮಗುವಿಗೆ ಅಜ್ಜಿ ಜಡೆ ಹೆಣೆಯುತ್ತಲೇ ‘ಮುಡಿದುಕೊಂಡೆ ಅನ್ನಬೇಕು, ಪುಟ್ಟಿ’ ಎಂದಿರುತ್ತಾರೆ, ಅಷ್ಟೇ. ಅಂದಿನಿಂದ ಹೂವಿನ ಜೊತೆಗೆ ಮುಡಿಯುವುದು ಸೇರಿಹೋಗಿರುತ್ತದೆ.

ಇಂಗ್ಲಿಷ್ ಕಲಿಯುವಾಗ ನಮಗೆ ಆ ಅಜ್ಜಿ ಸಿಗುವುದಿಲ್ಲ. ಸಿಗುವುದು ಪದಪಟ್ಟಿ. ಅದರಿಂದ ಏನಾಗುತ್ತದೆ ಎಂಬುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ.

[ಪರದೆಯ ಮೇಲೆ: ಇನ್ನೂರು ಪುಟದ ನೋಟ್‌ಪುಸ್ತಕ. ಎಡಗಡೆ ಇಂಗ್ಲಿಷ್, ಬಲಗಡೆ ಕನ್ನಡ.]

ನನ್ನ ಅಕ್ಕನ ಮಗ ದಿನಕ್ಕೆ ಹತ್ತು ಇಂಗ್ಲಿಷ್ ಪದಗಳನ್ನು ಬಾಯಿಪಾಠ ಮಾಡುತ್ತಿದ್ದ. ಶ್ರದ್ಧೆಯ ಹುಡುಗ. ಪುಟದ ನಡುವೆ ಸ್ಕೇಲಿಟ್ಟು ಗೆರೆ ಎಳೆದು ಒಂದು ಕಡೆ ಪದವನ್ನು, ಇನ್ನೊಂದು ಕಡೆ ಅರ್ಥವನ್ನು ಬರೆದುಕೊಳ್ಳುತ್ತಿದ್ದ. ಒಂದು ದಿನ ತನ್ನ ದಿನಚರಿಯ ಬಗ್ಗೆ ಪ್ರಬಂಧ ಬರೆದು ತಂದ. ಅದರಲ್ಲಿ ‘ಐ ಕಮಿಟ್ ಮೈ ಹೋಮ್‌ವರ್ಕ್ ಎವ್ರಿ ಈವ್ನಿಂಗ್’ ಎಂದಿತ್ತು. ನಾನು ಆ ಪದಕ್ಕೆ ಸುತ್ತು ಹಾಕಿದ ಕೂಡಲೇ ನೋಟ್‌ಪುಸ್ತಕ ತೆರೆದು ತೋರಿಸಿದ. ‘ಮಾವ, ಕಮಿಟ್ ಅಂದರೆ ಮಾಡು ಅಂತಲೇ ಅರ್ಥ ಕೊಟ್ಟಿದೆ, ನೋಡಿ.’

ಅವನು ಹೇಳಿದ್ದು ನಿಜ. ಆ ಅರ್ಥ ಇದೆ. ಆದರೆ ಆ ಅರ್ಥದಲ್ಲಿ ‘ಕಮಿಟ್’ ಕೂಡಿ ಓಡಾಡುವುದು ಕಳ್ಳತನ, ಕೊಲೆ, ಅಪರಾಧ, ಪಾಪಗಳ ಜೊತೆಗೆ. ಹೋಮ್‌ವರ್ಕ್ ಪಕ್ಕದಲ್ಲಿ ಅದನ್ನು ನಿಲ್ಲಿಸಿದರೆ ಪಾಠ ಓದುವುದೂ ಅಪರಾಧದ ಸಾಲಿಗೆ ಸೇರಿದಂತೆ ಕೇಳಿಸುತ್ತದೆ. ಹುಡುಗನ ಶ್ರಮದಲ್ಲಿ ಕೊರತೆ ಇರಲಿಲ್ಲ. ಪುಟದ ನಡುವೆ ಎಳೆದ ಆ ಗೆರೆ ಪದವನ್ನು ಅದರ ನೆಂಟರಿಷ್ಟರಿಂದ ಬೇರೆ ಮಾಡಿತ್ತು.

ಕನ್ನಡಿಗರಾದ ನಮಗೆ ‘ಮಾಡು’ ಎಂಬ ಪದವೇ ದೊಡ್ಡ ಪರೀಕ್ಷೆ. ತಪ್ಪು ಮಾಡುತ್ತೇವೆ, ಸ್ನಾನ ಮಾಡುತ್ತೇವೆ, ಭಾಷಣ ಮಾಡುತ್ತೇವೆ, ಫೋನ್ ಮಾಡುತ್ತೇವೆ, ಊಟ ಮಾಡುತ್ತೇವೆ, ನಿದ್ದೆಯನ್ನೂ ಮಾಡುತ್ತೇವೆ. ಇಂಗ್ಲಿಷಿನಲ್ಲಿ ತಪ್ಪಿಗೆ ‘ಮೇಕ್’, ಹೋಮ್‌ವರ್ಕಿಗೆ ‘ಡೂ’, ಸ್ನಾನಕ್ಕೆ ‘ಟೇಕ್’ ಅಥವಾ ‘ಹ್ಯಾವ್’, ಭಾಷಣಕ್ಕೆ ‘ಗಿವ್’ ಅಥವಾ ‘ಮೇಕ್’. ನಿರ್ಧಾರವನ್ನು ‘ಮೇಕ್’ ಮಾಡುತ್ತಾರೆ. ಬ್ರಿಟನ್ನಿನಲ್ಲಿ ‘ಟೇಕ್’ ಎನ್ನುವುದೂ ಉಂಟು. ‘ಹಾಕು’ ಕೂಡ ಹೀಗೆಯೇ. ‘ಫ್ಯಾನ್ ಹಾಕು’ ಎಂಬುದನ್ನು ‘ಪುಟ್ ದ ಫ್ಯಾನ್’ ಎಂದರೆ ಕೇಳಿದವರು ಎಲ್ಲಿ ಇಡಬೇಕು ಎಂದು ನೋಡಬಹುದು. ಅಲ್ಲಿ ಬೇಕಾದದ್ದು ‘ಟರ್ನ್ ಆನ್’. ಗಮನ ‘ಕೊಡುವ’ ಕಡೆ ಇಂಗ್ಲಿಷಿನವರು ‘ಪೇ’ ಎನ್ನುತ್ತಾರೆ, ಹಣ ಪಾವತಿಸುವ ಹಾಗೆ. ‘ಪೇ ಅಟೆನ್ಷನ್’ ಎಂದಾಗ ಗಮನವೂ ಲೆಕ್ಕ ಇಟ್ಟು ಕೊಡಬೇಕಾದ ವಸ್ತುವಾಗುತ್ತದೆ. ಈ ಒಂದು ಜೋಡಿ ನನಗೆ ಬಹಳ ಇಷ್ಟ.

ಎಲ್ಲ ಕಡೆಯೂ ಹೀಗೆ ತೊಡಕಿಲ್ಲ. ಒಣ ಕೆಮ್ಮು ಅಲ್ಲಿಯೂ ‘ಡ್ರೈ’, ಗಾಢ ನಿದ್ದೆ ಅಲ್ಲಿಯೂ ‘ಡೀಪ್’, ದಟ್ಟ ಕಾಡು ಅಲ್ಲಿಯೂ ‘ಡೆನ್ಸ್’. ಹೊಂದುವುದನ್ನು ಬಿಟ್ಟು, ಹೊಂದದಿರುವ ಕಡೆ ನಿಲ್ಲಿ.

[ಪರದೆಯ ಮೇಲೆ: ಹಳೆಯ ಭೂಪಟ. ಲಾಹೋರ್ ಮತ್ತು ಟೋಕಿಯೊ ಬೆಳಗುತ್ತವೆ.]

ಈ ವಿಷಯದ ಚರಿತ್ರೆಯೂ ಸ್ವಾರಸ್ಯವಾಗಿದೆ. ‘ಒಂದು ಪದವನ್ನು ಅದರ ಸಹವಾಸದಿಂದ ಅರಿಯಬೇಕು’ ಎಂಬರ್ಥದ ಪ್ರಸಿದ್ಧ ಮಾತನ್ನು 1957ರಲ್ಲಿ ಬರೆದವರು ಬ್ರಿಟಿಷ್ ಭಾಷಾಶಾಸ್ತ್ರಜ್ಞ ಜೆ. ಆರ್. ಫರ್ತ್. ಅವರು 1919ರಿಂದ 1928ರವರೆಗೆ ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದರು. ‘ಸಹವಾಸ ದೋಷದಿಂದ ಸನ್ಯಾಸಿ ಕೆಟ್ಟ’ ಎಂಬ ಗಾದೆಯನ್ನು ಕೇಳಿ ಬೆಳೆದ ನಮಗೆ ಅವರ ಮಾತು ಅರ್ಥವಾಗಲು ಹೊತ್ತು ಬೇಕಿಲ್ಲ. ಫರ್ತ್ ಅವರ ಆ ಮಾತಿಗೂ ಮೊದಲೇ, ಟೋಕಿಯೊದಲ್ಲಿ ಜಪಾನಿನ ಮಕ್ಕಳ ಇಂಗ್ಲಿಷ್ ಪಾಠಕ್ಕಾಗಿ ದುಡಿಯುತ್ತಿದ್ದ ಹೆರಾಲ್ಡ್ ಪಾಮರ್ 1933ರಲ್ಲಿ ಇಂಗ್ಲಿಷಿನ ಇಂತಹ ಜೋಡಿಗಳನ್ನು ಒಟ್ಟುಮಾಡಿ ವರದಿ ಪ್ರಕಟಿಸಿದ್ದರು. ಅವರ ಜೊತೆಗೆ ದುಡಿದ ಎ. ಎಸ್. ಹಾರ್ನ್‌ಬಿ ಮತ್ತು ಗೆಳೆಯರು ಕಲಿಯುವವರಿಗಾಗಿಯೇ ಸಿದ್ಧಪಡಿಸಿದ ನಿಘಂಟು 1942ರಲ್ಲಿ ಜಪಾನಿನಲ್ಲಿ ಅಚ್ಚಾಯಿತು. 1948ರಲ್ಲಿ ಆಕ್ಸ್‌ಫರ್ಡ್ ಅದನ್ನು ಮತ್ತೆ ಹೊರತಂದಿತು. ಇಂದು ನಾವು ಬಳಸುವ ಆಕ್ಸ್‌ಫರ್ಡ್ ಕಲಿಕೆಯ ನಿಘಂಟಿನ ಬೇರು ಅದೇ. ಇಂಗ್ಲಿಷ್ ಮನೆಮಾತಾದವರಿಗೆ ಈ ಜೋಡಿಗಳು ಕಣ್ಣಿಗೇ ಬೀಳುವುದಿಲ್ಲ. ಎಡವಿದವರಿಗೆ ಕಲಿಸಲು ಹೊರಟವರಿಗೆ ಮಾತ್ರ ಕಾಣಿಸಿದವು.

ಮುಂದೆ ಕಂಪ್ಯೂಟರ್ ಬಂದ ಮೇಲೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಭಾಷಾಶಾಸ್ತ್ರಜ್ಞ ಜಾನ್ ಸಿಂಕ್ಲೇರ್ ಅವರ ತಂಡ ಕೋಟ್ಯಂತರ ಪದಗಳ ನಿಜವಾದ ಬರಹ ಮತ್ತು ಮಾತನ್ನು ಕೂಡಿಹಾಕಿ, ಅದರ ಮೇಲೆ ಕಟ್ಟಿದ ನಿಘಂಟನ್ನು 1987ರಲ್ಲಿ ಪ್ರಕಟಿಸಿತು. ಇಂತಹ ರಾಶಿಯಲ್ಲಿ ಹುಡುಕಿದಾಗ ಕೆಲವು ಪದಗಳ ಗುಣವೂ ಹೊರಬಿತ್ತು. ‘ಕಾಸ್’ ಎಂಬ ಕ್ರಿಯಾಪದವನ್ನೇ ನೋಡಿ. ಅದರ ನಂತರ ಹೆಚ್ಚಾಗಿ ಬರುವುದು ಹಾನಿ, ತೊಂದರೆ, ಸಾವು, ವಿಳಂಬ. ನಮ್ಮ ‘ಕಾರಣ’ ಹಾಗಲ್ಲ. ಸಂತೋಷಕ್ಕೂ ಕಾರಣ, ದುಃಖಕ್ಕೂ ಕಾರಣ. ಆದ್ದರಿಂದ ‘ಕಾಸ್ ಹ್ಯಾಪಿನೆಸ್’ ಎಂದು ಬರೆಯುವ ಮೊದಲು ಒಮ್ಮೆ ತಡೆದು ‘ಬ್ರಿಂಗ್’ ಎಂದು ಬರೆಯಿರಿ.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ನಮ್ಮ ದೇಶದ ಎಲ್ಲ ಬಳಕೆಯೂ ತಪ್ಪಲ್ಲ. ನಾವು ಪರೀಕ್ಷೆ ‘ಬರೆಯುತ್ತೇವೆ’, ಹಾಗಾಗಿ ‘ರೈಟ್ ಆ್ಯನ್ ಎಕ್ಸಾಮ್’ ಎನ್ನುತ್ತೇವೆ. ಹಿಂದಿಯಲ್ಲಿ ಪರೀಕ್ಷೆ ‘ಕೊಡುತ್ತಾರೆ’, ಅಲ್ಲಿನವರು ‘ಗಿವ್’ ಎನ್ನುತ್ತಾರೆ. ಬ್ರಿಟನ್ನಿನಲ್ಲಿ ‘ಸಿಟ್’ ಅಥವಾ ‘ಟೇಕ್’, ಅಮೆರಿಕದಲ್ಲಿ ‘ಟೇಕ್’. ಮೈಸೂರಿನಲ್ಲಿ ‘ರೈಟ್’ ಎಂದರೆ ಯಾರಿಗೂ ತೊಂದರೆಯಿಲ್ಲ. ಬ್ರಿಟನ್ನಿನ ವಿಶ್ವವಿದ್ಯಾಲಯಕ್ಕೆ ಪತ್ರ ಬರೆಯುವಾಗ ‘ಟೇಕ್’ ಎನ್ನಿ. ಯಾರೊಡನೆ ಮಾತಾಡುತ್ತಿದ್ದೇವೆ ಎಂಬುದು ತಿಳಿದಿದ್ದರೆ ಸಾಕು, ನಾಚಿಕೆ ಬೇಡ. ಭಾಷೆ ಬರುವುದಿಲ್ಲ ಎಂದು ಇಂತಹ ಜೋಡಿಗಳಿಗಾಗಿ ಕುಗ್ಗಿಹೋದ ಎಷ್ಟೋ ಬುದ್ಧಿವಂತ ಮಕ್ಕಳನ್ನು ಕಂಡು ನನಗೆ ಸಂಕಟವಾಗಿದೆ.

[ಪರದೆಯ ಮೇಲೆ: ಅದೇ ನೋಟ್‌ಪುಸ್ತಕ, ಹೊಸ ಪುಟ. ನಡುವೆ ಗೆರೆ ಇಲ್ಲ.]

ಹಾಗಾದರೆ ಕಲಿಯುವುದು ಹೇಗೆ? ನಿಮಗೆ ಗೊತ್ತಿಲ್ಲದೆಯೇ ಆಗಲೇ ಕಲಿತಿದ್ದೀರಿ. ‘ಹೆವಿ ಟ್ರಾಫಿಕ್’, ‘ಸ್ಟ್ರಾಂಗ್ ಕಾಫಿ’, ‘ಫಾಸ್ಟ್ ಫುಡ್’, ‘ಮಿಸ್ಡ್ ಕಾಲ್’ ಇವುಗಳನ್ನು ಯಾರೂ ಬಿಡಿಬಿಡಿಯಾಗಿ ಅರ್ಥ ಹುಡುಕಿ ಕಲಿಯಲಿಲ್ಲ. ಜೋಡಿಯಾಗಿ ಕಿವಿಗೆ ಬಿತ್ತು, ಜೋಡಿಯಾಗಿ ಉಳಿಯಿತು. ಅದನ್ನೇ ಈಗ ಬೇಕೆಂದು ಮಾಡಬೇಕು.

ಅಕ್ಕನ ಮಗನಿಗೆ ನಾನು ಹೇಳಿದ್ದು ಇಷ್ಟು. ದಿನಕ್ಕೆ ಹತ್ತು ಪದ ಬೇಡ, ಎರಡು ನಾಮಪದ ಸಾಕು. ಒಂದಕ್ಕೆ ಒಂದು ಪುಟ. ಕಲಿಯುವವರ ನಿಘಂಟನ್ನು ಮೊಬೈಲಿನಲ್ಲಿ ತೆರೆದು ಅರ್ಥದ ಸಾಲನ್ನು ದಾಟಿ ಕೆಳಗೆ ಹೋಗು. ಅಲ್ಲಿನ ಉದಾಹರಣೆ ವಾಕ್ಯಗಳಲ್ಲಿ ಆ ಪದದ ಹಿಂದೆ ಮುಂದೆ ಏನಿದೆ ನೋಡು. ಸಂಶಯ ಬಂದರೆ ಜೋಡಿಯನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟು ಅಂತರ್ಜಾಲದಲ್ಲಿ ಹುಡುಕು, ಒಳ್ಳೆಯ ಪತ್ರಿಕೆಗಳಲ್ಲಿ ಬಂದಿದೆಯೇ ಎಂದು ಪರೀಕ್ಷಿಸು. ಇನ್ನೊಂದು ಅಭ್ಯಾಸ ಸ್ವಲ್ಪ ಕಷ್ಟದ್ದು, ಆದರೆ ಅದರಷ್ಟು ಫಲ ಕೊಡುವ ಅಭ್ಯಾಸವನ್ನು ನಾನು ಕಂಡಿಲ್ಲ. ಇಂಗ್ಲಿಷ್ ಪತ್ರಿಕೆಯ ನಾಲ್ಕು ವಾಕ್ಯಗಳನ್ನು ಕನ್ನಡಕ್ಕೆ ತಂದು ಇಡು. ಮಾರನೆಯ ದಿನ ಮೂಲವನ್ನು ನೋಡದೆ ಕನ್ನಡದಿಂದ ಇಂಗ್ಲಿಷಿಗೆ ತಿರುಗಿಸು. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಎಲ್ಲಿ ‘ಜೋರು’ ಅಡ್ಡ ಬಂತು, ಎಲ್ಲಿ ‘ಮಾಡು’ ಅಡ್ಡ ಬಂತು ಎಂಬುದು ಎದುರಿಗೇ ಕಾಣುತ್ತದೆ.

ಅವನು ಮೊದಲು ಆರಿಸಿಕೊಂಡದ್ದು ಜ್ವರವನ್ನು.

[ಪರದೆಯ ಮೇಲೆ: ‘ಫೀವರ್’ ಪುಟ, ಹುಡುಗನ ಅಕ್ಷರದಲ್ಲಿ. ಸಾಲುಗಳು ಒಂದೊಂದಾಗಿ ಮೂಡುತ್ತವೆ.]

‘ಹೈ ಫೀವರ್’: ಜೋರು ಜ್ವರ. ‘ಮೈಲ್ಡ್ ಫೀವರ್’: ಸಣ್ಣಗೆ ಜ್ವರ. ‘ರನ್ ಎ ಫೀವರ್’: ಮೈ ಸುಡುವುದು. ಕೊನೆಯ ಸಾಲಿಗೆ ಬಂದಾಗ ಅವನು ಪೆನ್ನು ಹಿಡಿದು ಸುಮ್ಮನೆ ಕುಳಿತ. ನಮ್ಮಲ್ಲಿ ಜ್ವರ ‘ಬಿಡುತ್ತದೆ’. ಅವರಲ್ಲಿ ‘ದ ಫೀವರ್ ಬ್ರೋಕ್’, ಜ್ವರ ಮುರಿಯುತ್ತದೆ. ‘ಮಾವ, ಅವರಿಗೆ ಜ್ವರ ಗಟ್ಟಿ ವಸ್ತುವೇ?’ ಎಂದು ಕೇಳಿದ. ನಂತರ ಆ ಸಾಲಿನ ಕೆಳಗೆ ಎರಡು ಗೆರೆ ಎಳೆದು, ಪುಟ ತಿರುಗಿಸಿ ‘ರೈನ್’ ಎಂದು ಬರೆದ.