ಹಾರ್ಪ್ ಕೂಡ ಕೇಳಿಸಲಿ

ನಾನು ಸಂಗೀತ ಕಲಿತವನಲ್ಲ, ಕೇಳುವವನು ಅಷ್ಟೇ. ಆದರೂ ಇವತ್ತು ಒಂದು ಮಾತು ಹೇಳಲೇಬೇಕು. ಮೊಜಾರ್ಟ್‌ನ ಫ್ಲೂಟ್ ಮತ್ತು ಹಾರ್ಪ್ (ಬೆರಳಿಂದ ಮೀಟುವ ದೊಡ್ಡ ತಂತಿವಾದ್ಯ) ಕನ್ಸರ್ಟೊ ಇದೆಯಲ್ಲ, ಅಂದರೆ ಆ ಎರಡು ವಾದ್ಯ ಮುಂದಾಗಿ ಆರ್ಕೆಸ್ಟ್ರಾ ಜೊತೆ ನುಡಿಸುವ ಕೃತಿ, ಅವನ ಕೃತಿಗಳ ಪಟ್ಟಿಯಲ್ಲಿ ಕೆ. 299, ಅದನ್ನು ಊಟ ಮಾಡುವಾಗ ಮೆಲ್ಲಗೆ ಹಾಕಿಡುವ ಸಂಗೀತ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಖಂಡಿತ ಅಲ್ಲ. ಕೆಲಸ ಬದಿಗಿಟ್ಟು, ಕೂತು ಕೇಳಬೇಕಾದ್ದು ಅದು.

ಅದರಲ್ಲೂ ನಡುವಿನ ಭಾಗ, ಆಂಡಾಂಟಿನೊ ಅನ್ನುವ ನಿಧಾನ ಗತಿಯದು. ಇಲ್ಲಿ ಆರ್ಕೆಸ್ಟ್ರಾದ ಊದುವ ವಾದ್ಯಗಳಾದ ಓಬೋ, ಹಾರ್ನ್ ಎರಡೂ ಸುಮ್ಮನಾಗುತ್ತವೆ. ಪಿಟೀಲಿನ ಬಳಗ ಮಾತ್ರ ಉಳಿಯುತ್ತದೆ. ಮೊದಲು ಅವೇ ಹಾಡು ಎತ್ತಿಕೊಳ್ಳುತ್ತವೆ, ಆಮೇಲೆ ನಮ್ಮ ಇಬ್ಬರು, ಫ್ಲೂಟ್ ಮತ್ತು ಹಾರ್ಪ್, ಬರುತ್ತಾರೆ. ಹೆಡ್‌ಫೋನ್ ಹಾಕಿಕೊಂಡು ಕೇಳಿ. ಹಾರ್ಪ್‌ನ ತಂತಿ ಮೀಟಿದ ಕ್ಷಣದಿಂದಲೇ ಸದ್ದು ಕರಗುತ್ತಾ ಹೋಗುತ್ತದೆ, ಫ್ಲೂಟ್ ಮಾತ್ರ ಉಸಿರು ಇರುವಷ್ಟು ಹೊತ್ತು ಸ್ವರವನ್ನು ಹಿಡಿದು ನಿಲ್ಲುತ್ತದೆ, ಆ ಉದ್ದನೆಯ ಸ್ವರದ ಕೆಳಗೆ ಹಾರ್ಪ್ ಒಂದೊಂದೇ ಹನಿ ಬಿಡುತ್ತಿರುತ್ತದೆ. ಒಂದು ಕರಗುವುದು, ಇನ್ನೊಂದು ನಿಲ್ಲುವುದು. ನನಗೆ ಇದೇ ಇಡೀ ಕೃತಿಯ ಜೀವ.

ಅದಕ್ಕೇ ಕೆಲವು ರೆಕಾರ್ಡಿಂಗ್ ಕೇಳಿದರೆ ಬೇಜಾರಾಗುತ್ತದೆ. ಫ್ಲೂಟ್ ಕಿವಿಯ ಪಕ್ಕದಲ್ಲೇ ಇರುತ್ತದೆ, ಹಾರ್ಪ್ ಎಲ್ಲೋ ಪಕ್ಕದ ಕೋಣೆಯಲ್ಲಿ ಇದ್ದ ಹಾಗೆ. ಇದು ಅನ್ಯಾಯ ಅಲ್ವಾ? ಮೊಜಾರ್ಟ್ ಇದನ್ನು ಬರೆದದ್ದೇ ಇಬ್ಬರಿಗಾಗಿ. 1778ರಲ್ಲಿ, ಪ್ಯಾರಿಸ್‌ನಲ್ಲಿ, ಆಗ ಅವನಿಗೆ 22 ವರ್ಷ. ಗೀನ್‌ನ ಡ್ಯೂಕ್ ಅನ್ನುವ ಫ್ರೆಂಚ್ ಸಿರಿವಂತ ಫ್ಲೂಟ್ ನುಡಿಸುತ್ತಿದ್ದ, ಅವನ ಮಗಳು ಹಾರ್ಪ್. ಆ ಹುಡುಗಿಗೆ ಮೊಜಾರ್ಟೇ ಸಂಗೀತ ರಚನೆ ಹೇಳಿಕೊಡುತ್ತಿದ್ದ. ಇಬ್ಬರೂ ಎಷ್ಟು ಚೆನ್ನಾಗಿ ನುಡಿಸುತ್ತಾರೆ ಅಂತ ತನ್ನ ಅಪ್ಪನಿಗೆ ಪತ್ರ ಕೂಡ ಬರೆದ. ಜುಲೈ ಕೊನೆಯಾದರೂ ಈ ಕೆಲಸದ ದುಡ್ಡು ಮಾತ್ರ ಕೈಗೆ ಬಂದಿರಲಿಲ್ಲ. ಅದೇ ತಿಂಗಳು ಅದೇ ಊರಲ್ಲಿ ಅವನ ತಾಯಿ ತೀರಿಕೊಂಡರು. ಇದನ್ನು ಓದಿದ ಮೇಲೆ ನನಗೆ ಆ ಡ್ಯೂಕ್ ಮೇಲೆ ನಿಜಕ್ಕೂ ಸಿಟ್ಟು ಬಂತು.

ಇನ್ನೊಂದು ವಿಷಯ, ಕಡೆನ್ಸ. ಆರ್ಕೆಸ್ಟ್ರಾ ನಿಂತು, ಇಬ್ಬರೇ ನುಡಿಸುವ ಜಾಗ ಅದು. ಮೊಜಾರ್ಟ್ ಬರೆದ ಕಡೆನ್ಸ ಯಾವುದೂ ಉಳಿದಿಲ್ಲ, ಹಾಗಾಗಿ ಒಬ್ಬೊಬ್ಬರು ಒಂದೊಂದು ಥರ ನುಡಿಸುತ್ತಾರೆ. ಚಿಕ್ಕದಾಗಿದ್ದರೆ ಚೆಂದ. ಜಾಸ್ತಿ ಎಳೆದರೆ ಆಂಡಾಂಟಿನೊದ ಗುಂಗು ಇಳಿದುಹೋಗುತ್ತದೆ.

ಮೊದಲ ಸಲ ಕೇಳುವವರು ಫ್ಲೂಟ್‌ನಲ್ಲಿ ಜಾನ್ ಪಿಯರ್ ರಾಂಪಾಲ್, ಹಾರ್ಪ್‌ನಲ್ಲಿ ಲಿಲಿ ಲಾಸ್ಕಿನ್ ನುಡಿಸಿದ್ದನ್ನು ಹುಡುಕಿ. ನಡುವಿನ ಭಾಗದಿಂದಲೇ ಶುರು ಮಾಡಿ, ಪರವಾಗಿಲ್ಲ. ಫ್ಲೂಟ್ ಮೇಲೆ ಹೋದಾಗ ಕಿವಿಯನ್ನು ಹಾರ್ಪ್ ಕಡೆ ಇಟ್ಟುಕೊಳ್ಳಿ.